ಒಂದೇ ರಕ್ತ, ಎರಡು ಕಾರ್ಡ್

ನನ್ನ ಹತ್ತಿರ ಎರಡು ಕಾರ್ಡ್ ಇವೆ. ಕಾಲೇಜಿನಲ್ಲಿದ್ದಾಗ ಮಂಡ್ಯದ ಒಂದು ಕ್ಯಾಂಪಿನಲ್ಲಿ ಬೆರಳು ಚುಚ್ಚಿ ನೋಡಿ ಕೊಟ್ಟದ್ದು ಬಿ ನೆಗೆಟಿವ್. ಮೊನ್ನೆ ಮೈಸೂರಿನ ಒಂದು ಬ್ಲಡ್ ಬ್ಯಾಂಕಿನಲ್ಲಿ ರಕ್ತ ಕೊಟ್ಟ ಮೇಲೆ ಸಿಕ್ಕಿದ್ದು ಬಿ ಪಾಸಿಟಿವ್.

ಟ್ಯೂಬ್ ಅದಲು ಬದಲಾಗಿದೆ ಅಂತ ಜಗಳಕ್ಕೇ ಹೋದೆ. ಟೆಕ್ನಿಷಿಯನ್ ಹುಡುಗಿ ನಕ್ಕಳು. "ಎರಡೂ ಸರಿ ಸರ್. ನಿಮ್ಮದು ವೀಕ್ ಡಿ."

ಪಾಸಿಟಿವ್, ನೆಗೆಟಿವ್ ಅನ್ನುವುದು ಆರ್‌ಎಚ್ ಗುಂಪಿನ ಡಿ ಎಂಬ ಒಂದೇ ಗುರುತಿನ ಲೆಕ್ಕ. ಅದರ ಜೀನ್‌ನಲ್ಲಿ ಸಣ್ಣ ವ್ಯತ್ಯಾಸವಾದರೂ ಕೆಂಪು ಕಣಗಳ ಮೇಲೆ ಡಿ ಕಡಿಮೆಯಾಗಬಹುದು. ಗಾಜಿನ ಮೇಲೆ ನೋಡುವ ಪರೀಕ್ಷೆಗೆ ಅದು ಕಾಣದೇ ಹೋಗಬಹುದು. ಅದಕ್ಕಿಂತ ಸೂಕ್ಷ್ಮವಾದ ಕೂಂಬ್ಸ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ನನ್ನ ರಕ್ತ ನೆಗೆಟಿವ್‌ನವರಿಗೆ ಹೋದರೆ ಅವರ ದೇಹ ಡಿ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ಬೆಳೆಸಬಹುದು. ಹಾಗಾಗಿ ಕೊಡುವಾಗ ನಾನು ಪಾಸಿಟಿವ್. ಕೆಲವರ ಡಿಯಲ್ಲಿ ಒಂದು ಭಾಗವೇ ಇರುವುದಿಲ್ಲ. ಅಂಥವರಿಗೆ ಪಾಸಿಟಿವ್ ರಕ್ತ ಹಾಕಿದರೆ ತೊಂದರೆ. ನನ್ನದು ಯಾವ ಬಗೆ ಅಂತ ಜೀನ್ ಪರೀಕ್ಷೆಯಿಂದ ಗೊತ್ತಾಗುವವರೆಗೆ, ತೆಗೆದುಕೊಳ್ಳುವಾಗ ನೆಗೆಟಿವ್.

"ಕೊಡೋಕೊಂದು, ಇಸ್ಕೊಳ್ಳೋಕೊಂದು ಲೆಕ್ಕನಾ?" ಅಂದರು ನಮ್ಮಮ್ಮ.

ನನ್ನ ಕಥೆ ಇಷ್ಟೇ. ಆದರೆ ಅವತ್ತು ಅಲ್ಲೇ ಬೆಂಚಿನ ಮೇಲೆ ಪಾಂಡವಪುರದ ಕಡೆಯ ಒಬ್ಬ ತಾಯಿ ಕೂತಿದ್ದರು. ಮಗನಿಗೆ ಥಲಸ್ಸೀಮಿಯಾ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಅವನದು ಓ ಪಾಸಿಟಿವ್, ಫ್ರಿಜ್ ತುಂಬಾ ಓ ಪಾಸಿಟಿವ್ ಇದೆ, ಆದರೂ ಕ್ರಾಸ್ ಮ್ಯಾಚ್, ಅಂದರೆ ಅವನ ರಕ್ತದ ಜೊತೆ ಬೆರೆಸಿ ಹೊಂದುತ್ತದೆಯೇ ಅಂತ ನೋಡುವ ಪರೀಕ್ಷೆ, ಸರಿ ಆಗುತ್ತಿಲ್ಲ. ಆರ್‌ಎಚ್ ಗುಂಪಿನಲ್ಲಿ ಡಿ ಅಲ್ಲದೆ ದೊಡ್ಡ ಸಿ, ಸಣ್ಣ ಸಿ, ದೊಡ್ಡ ಇ, ಸಣ್ಣ ಇ ಅಂತಲೂ ಇವೆ. ಇವು ಸೇರಿ 50ಕ್ಕಿಂತ ಜಾಸ್ತಿ ಗುರುತುಗಳಿವೆ. ಹುಡುಗನಲ್ಲಿ ಸಣ್ಣ ಸಿ ಇಲ್ಲ. ಹಿಂದೆ ಹಾಕಿದ ಯಾವುದೋ ಬಾಟಲಿಯಲ್ಲಿ ಅದಿತ್ತು. ಈಗ ಅವನ ದೇಹ ಸಣ್ಣ ಸಿ ಇರುವ ರಕ್ತವನ್ನು ಒಪ್ಪುತ್ತಿಲ್ಲ.

ನನಗೆ ಸಿಟ್ಟು ಬಂದದ್ದು ಇಲ್ಲಿ. ಸಣ್ಣ ಸಿ ಇಲ್ಲದ ರಕ್ತ ಅಪರೂಪವೇನಲ್ಲ. ನಮ್ಮ ದೇಶದಲ್ಲಿ ಸುಮಾರು ಹತ್ತರಲ್ಲಿ ನಾಲ್ಕು ಜನರದು ಅಂಥದ್ದೇ. ಆ ಫ್ರಿಜ್‌ನಲ್ಲೇ ಇತ್ತೋ ಏನೋ! ಯಾವ ಬಾಟಲಿಯಲ್ಲಿ ಅಂತ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಯಾರೂ ನೋಡಿರಲಿಲ್ಲ. ಒಂದೊಂದನ್ನೇ ಮ್ಯಾಚ್ ಮಾಡುತ್ತಾ ಕೂರಬೇಕು. ವರ್ಷಕ್ಕೆ ಮೂರು ನಾಲ್ಕು ಸಲ ರಕ್ತ ಕೊಡುವ ನಮ್ಮಂಥವರಿಗೆ ಈ ಪರೀಕ್ಷೆ ಮಾಡಿ ಬರೆದಿಟ್ಟರೆ ಸಾಕಲ್ವಾ? ಸಣ್ಣ ಸಿ ಇದೆಯೋ ಇಲ್ಲವೋ ಅನ್ನುವುದು ವರ್ಷ ವರ್ಷ ಬದಲಾಗಲ್ಲ. ಥಲಸ್ಸೀಮಿಯಾ ಮಕ್ಕಳಿಗೂ ಮೊದಲ ಬಾಟಲಿ ಹಾಕುವ ಮುಂಚೆಯೇ ನೋಡಿಡಬೇಕು. ಖರ್ಚು ಜಾಸ್ತಿ ಅನ್ನುತ್ತಾರೆ. ಬೇರೆಯವರ ರಕ್ತ ಒಗ್ಗದೆ ಮಗು ನರಳಿದರೆ ಆಗುವ ಖರ್ಚು ಯಾವ ಲೆಕ್ಕಕ್ಕೆ?

ನಾನು ಹೊರಡುವಾಗ ಐದನೇ ಬಾಟಲಿ ಮ್ಯಾಚ್ ನಡೆಯುತ್ತಿತ್ತು. ಹುಡುಗ ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗಿದ್ದ.