ನಲವತ್ತು ಪರ್ಸೆಂಟ್ ಮಳೆ

ಮೊನ್ನೆ ಭಾನುವಾರ ಬೆಳಿಗ್ಗೆ ಬೆಣ್ಣೆದೋಸೆಗೆ ಹೋಗೋಣವೆಂದು ಗೆಳೆಯನಿಗೆ ಫೋನ್ ಹಚ್ಚಿದೆ. ಫೋನಿನ ಹವಾಮಾನ ಆ್ಯಪ್ ನೋಡಿ, "ಎಂಟೂವರೆಗೆ ಮಳೆ ಐತಿ, ನಾ ಬರಲ್ಲ" ಅಂದ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. "ಕಿಟಕಿ ತೆಗೆದು ನೋಡಲೇ" ಅಂದೆ. "ಕಿಟಕಿ ಈಗಿಂದು ಹೇಳುತ್ತೆ, ಫೋನು ಎಂಟೂವರೆದು ಹೇಳುತ್ತೆ." ಈ ಮಾತಿಗೆ ಉತ್ತರ ಹುಡುಕುವಷ್ಟರಲ್ಲಿ ಎಂಟೂಮುಕ್ಕಾಲಾಗಿತ್ತು. ಬಿಸಿಲು ಇನ್ನಷ್ಟು ಏರಿತ್ತು.

ದಾವಣಗೆರೆಯಲ್ಲಿ 40 ಪರ್ಸೆಂಟ್ ಅಂದರೆ ಮೊದಲು ಗುತ್ತಿಗೆದಾರರು ನಿಟ್ಟುಸಿರು ಬಿಡುತ್ತಿದ್ದರು. ಈಗ ಮನೆಮಂದಿಯೆಲ್ಲ ಒಣಹಾಕಿದ ಬಟ್ಟೆ ಎತ್ತಿಕೊಂಡು ಒಳಗೆ ಓಡುತ್ತಾರೆ. ಕುಂದವಾಡ ಕೆರೆ ಏರಿಯ ವಾಕಿಂಗ್ ತಪ್ಪಿಸಲು ಹಿಂದೆ ಮಂಡಿನೋವು ಬೇಕಿತ್ತು, ಈಗ 30 ಪರ್ಸೆಂಟೇ ಸಾಕು. ನಮ್ಮ ಪಕ್ಕದ ಮನೆಯವರ ಪ್ರಕಾರ 40 ಪರ್ಸೆಂಟ್ ಅಂದರೆ ನೂರು ಮನೆಗಳಲ್ಲಿ ನಲವತ್ತರ ಮೇಲೆ ಬೀಳುತ್ತೆ. ಅವರ ಮಗ ಇನ್ನೂ ಬುದ್ಧಿವಂತ: 24 ಗಂಟೆಯ 40 ಪರ್ಸೆಂಟ್, ಅಂದರೆ ಒಂಬತ್ತೂವರೆ ಗಂಟೆ ಮಳೆ! ಇಂಥದೇ ವಾತಾವರಣ ಹತ್ತು ಸಲ ಬಂದರೆ ನಾಲ್ಕು ಸಲ ಮಳೆ, ಆರು ಸಲ ಇಲ್ಲ ಅಂತ ಹೇಳಹೋದೆ. ಆ ಆರನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ್ಯಪಿನ ತಪ್ಪೂ ಅಷ್ಟಿಲ್ಲ ಬಿಡಿ. ಲೆಕ್ಕ ಹಾಕುವ ಯಂತ್ರಕ್ಕೆ ಭೂಮಿಯೆಲ್ಲ ಚೌಕಗಳೇ, ಒಂದೊಂದು ಚೌಕಕ್ಕೂ ಒಂದೇ ಲೆಕ್ಕ. ಯುರೋಪಿನ ಹೆಸರಾಂತ ಹವಾಮಾನ ಕೇಂದ್ರದ ಜಾಗತಿಕ ಮಾದರಿಯಲ್ಲೂ ಒಂದು ಚೌಕದ ಅಗಲ ಸುಮಾರು 9 ಕಿ.ಮೀ. ನಮ್ಮ ಗುಡುಗು ಮಳೆಯೋ, ಜಯದೇವ ಸರ್ಕಲ್ಲಿನಲ್ಲಿ ಧೋ ಅಂತ ಸುರಿದು ಪಿ.ಬಿ. ರಸ್ತೆಯಲ್ಲಿ ಬರೀ ಧೂಳೆಬ್ಬಿಸಿ ಹೋಗುವಂಥದ್ದು. ಚಿತ್ತಾ ಮಳೆಗೆ "ಕುರುಡು ಚಿತ್ತೆ" ಅಂತ ಹೆಸರಿಟ್ಟು ಹಿರಿಯರು ಎರಡೇ ಮಾತಿನಲ್ಲಿ ಇದನ್ನು ಮುಗಿಸಿದ್ದರು.

ಜಗಳೂರು ರಸ್ತೆಯಲ್ಲಿ ಮೆಕ್ಕೆಜೋಳ ಹರವಿದ್ದ ಅಜ್ಜನೊಬ್ಬನ ಪಾಡು ಕೇಳಿ. ಮಧ್ಯಾಹ್ನ ಮೊಮ್ಮಗ ಫೋನ್ ನೋಡಿ, ಉರಿಬಿಸಿಲಲ್ಲಿ ರಾಶಿಗೆ ತಾಡಪಾಲು ಹೊದಿಸಿದ. ಒಳಗೆ ಕಾಳು ಬೆವತಿತು. ನಾಲ್ಕಕ್ಕೆ ಫೋನಿನಲ್ಲಿ ಸೂರ್ಯ ಹುಟ್ಟಿದ, ತಾಡಪಾಲು ಎತ್ತಿದರು. ಬಡಗಣ ಮೋಡ ನೋಡಿ ಅಜ್ಜ "ಬಂತು ಕಣೋ" ಅಂತ ಕೂಗಿಕೊಂಡರೆ, "ಸುಮ್ನಿರಜ್ಜ, ಝೀರೋ ಪರ್ಸೆಂಟ್ ಐತಿ" ಅಂದ. ಹನಿ ಬಿದ್ದಾಗ ಮೊಮ್ಮಗ ಮೊದಲು ಪ್ಲಾಸ್ಟಿಕ್ ಕವರಿಗೆ ಹಾಕಿದ್ದು ಫೋನನ್ನು. ಜೋಳದ ಸರದಿ ಆಮೇಲೆ.

ನನ್ನ ಗೆಳೆಯ ಕೊನೆಗೆ ಹತ್ತು ಗಂಟೆಗೆ, ಆ್ಯಪಿನ ಒಪ್ಪಿಗೆ ಪಡೆದು, ಹೋಟೆಲಿಗೆ ಬಂದ. ಒಳಗೆ ಜಾಗವಿಲ್ಲದೆ ಹೊರಗೆ ನಿಂತಿದ್ದೆವು. ಪಟಪಟ ಶುರುವಾಯಿತು. ದೋಸೆಯ ಮೇಲಿನ ಬೆಣ್ಣೆ ತೇಲಿತು. "ಇದು ಮಳೆ ಅಲ್ಲ, ನೋಡಿಲ್ಲಿ" ಅಂತ ಫೋನ್ ನನ್ನ ಮೂಗಿಗೆ ಹಿಡಿದ. ಒದ್ದೆ ಪರದೆ ತಾನಾಗಿಯೇ ಸರಿದು ಚಿತ್ರದುರ್ಗಕ್ಕೆ ಹೋಗಿ ನಿಂತಿತು. ಅಲ್ಲಿ ಮಳೆಯಂತೆ.

"ಹೇಳಿದ್ನೋ ಇಲ್ವೋ?" ಅಂದ.