ಮಕರೇನ ಮತ್ತು ಮೂರನೇ ಕೂಗು

1997ರ ಬೇಸಿಗೆ ರಜೆಯಲ್ಲಿ ನನ್ನ ಹತ್ತಿರ ಮೂರು ಹಾಡುಗಳಿದ್ದವು. ಇದ್ದವು ಅಂದರೆ ದುಡ್ಡು ಕೊಟ್ಟು ತಂದದ್ದಲ್ಲ, ಟಿವಿಯಿಂದ ಕದ್ದದ್ದು. ಹೊಸ ಕ್ಯಾಸೆಟ್ ಕೇಳಿದರೆ ಅಪ್ಪ "ಮೊದಲು ಏಳನೇ ಕ್ಲಾಸಿನ ರಿಸಲ್ಟ್ ಬರಲಿ" ಅನ್ನುತ್ತಿದ್ದರು. ಅಲ್ಲಿವರೆಗೆ ಕಾಯೋದು ಹೇಗೆ? ಟೂ-ಇನ್-ಒನ್ ತಂದು ಟಿವಿ ಸ್ಪೀಕರಿಗೆ ಮೂತಿ ತಾಗಿಸಿ ಇಡುವುದು. ಹಾಡು ಬಂದ ತಕ್ಷಣ ಕೆಂಪು ಗುಂಡಿ, ಪ್ಲೇ ಗುಂಡಿ ಎರಡನ್ನೂ ಒಟ್ಟಿಗೆ ಒತ್ತುವುದು. ಆಮೇಲೆ ಮನೆಮಂದಿಯೆಲ್ಲ ನಾಲ್ಕು ನಿಮಿಷ ಸುಮ್ಮನಿರಬೇಕು. ತಿಪಟೂರಿನ ನಮ್ಮ ಮನೆಯಲ್ಲಿ ಇದು ಆಗುವ ಮಾತಲ್ಲ.

ಹಾಗಾಗಿ ಲಕ್ಕಿ ಅಲಿಯ 'ಓ ಸನಮ್' ಶುರುವಾಗುವುದೇ ಅಪ್ಪನ ಸೀನಿನಿಂದ. ಟಿವಿಯಲ್ಲಿ ಅವರು ಪಿರಮಿಡ್ ಮುಂದೆ ನಿಂತು ವಿರಹದಲ್ಲಿ ಹಾಡುತ್ತಿದ್ದರೆ, ನನ್ನ ಕ್ಯಾಸೆಟ್ಟಿನಲ್ಲಿ ಈಜಿಪ್ಟಿನ ತುಂಬ ನೆಗಡಿ.

ಎರಡನೇದು ಕಲೋನಿಯಲ್ ಕಸಿನ್ಸ್‌ರ 'ಕೃಷ್ಣ'. ಹರಿಹರನ್ 'ಕೃಷ್ಣಾ ನೀ ಬೇಗನೆ ಬಾರೋ' ಅಂತ ಎತ್ತಿಕೊಂಡಾಗ ಅಜ್ಜಿ ಹೂಕಟ್ಟುವುದನ್ನು ಬಿಟ್ಟು ಟಿವಿ ಮುಂದೆ ಬಂದು ಕೂತರು. ವ್ಯಾಸರಾಯರ ಕೃತಿ, ಅದೂ ಎಂಟಿವಿಯಲ್ಲಿ! ನಡುವೆ ಲೆಸ್ಲಿ ಲೂಯಿಸ್ ಇಂಗ್ಲಿಷಿನಲ್ಲಿ ಶುರು ಮಾಡಿದರು. ಅಜ್ಜಿ ಪೂರ್ತಿ ಕೇಳಿ ತೀರ್ಪು ಕೊಟ್ಟರು. "ಹುಡುಗ ಚೆನ್ನಾಗಿ ಹಾಡ್ತಾನೆ. ಪಕ್ಕದವನಿಗೆ ಸಾಹಿತ್ಯ ಮರೆತುಹೋಗಿದೆ, ಪಾಪ." ಇದೂ ರೆಕಾರ್ಡ್ ಆಯಿತು.

ಮೂರನೆಯದೇ 'ಮಕರೇನ'. ಸ್ಪೇನಿನ ಲಾಸ್ ಡೆಲ್ ರಿಯೋ ಅನ್ನುವ ಜೋಡಿಯದು. ನಮ್ಮ ದೊಡ್ಡಪ್ಪನ ವಯಸ್ಸಿನ ಇಬ್ಬರು, ಸೂಟು ಹಾಕಿಕೊಂಡು ಹಾಡುತ್ತಾರೆ. 1996ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14 ವಾರ ಮೊದಲನೇ ಜಾಗ ಬಿಟ್ಟುಕೊಡಲಿಲ್ಲವಂತೆ. ಗೆಳೆಯ ಸೈನ್ಯಕ್ಕೆ ಹೋದ ಹೊತ್ತು ನೋಡಿ ಅವನ ಸ್ನೇಹಿತರ ಜೊತೆ ಸುತ್ತುವ ಹುಡುಗಿಯ ಕಥೆ ಅದು. ನಮಗೆ ಅದೆಲ್ಲಿ ಗೊತ್ತು? ಕೈ ಮುಂದೆ, ಅಂಗೈ ಮೇಲೆ, ಭುಜ, ತಲೆ, ಸೊಂಟ, ಆಮೇಲೆ ಪಕ್ಕಕ್ಕೊಂದು ಜಿಗಿತ. ಅಜ್ಜಿಗೂ ಭುಜದವರೆಗೆ ಕಲಿಸಿದ್ದೆವು.

ಇದನ್ನು ರೆಕಾರ್ಡ್ ಮಾಡಲು ಖಾಲಿ ಕ್ಯಾಸೆಟ್ ಇರಲಿಲ್ಲ. ಅಪ್ಪನ ಮಂಗಳವಾದ್ಯದ ಕ್ಯಾಸೆಟ್ ಇತ್ತು. ಅಂಗಡಿಯ ಕ್ಯಾಸೆಟ್ ಮೇಲೆ ರೆಕಾರ್ಡ್ ಆಗದಿರಲಿ ಅಂತ ಮೂಲೆಯಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಅದಕ್ಕೆ ಪೇಪರ್ ಉಂಡೆ ತುರುಕಿದರೆ ಮುಗಿಯಿತು. ತುರುಕಿದೆ. ಬಿ ಸೈಡಿನಲ್ಲಿ ನಾದಸ್ವರ ಅಳಿಸಿಹೋಗಿ ಸ್ಪೇನ್ ಬಂತು. ಜೊತೆಗೆ ಅಡುಗೆಮನೆಯಿಂದ ಕುಕ್ಕರಿನ ಮೂರು ಕೂಗು. ಅದರ ಹಿಂದೆಯೇ ಅಮ್ಮ, ಪಕ್ಕದ್ಮನೆ ಆಂಟಿಗೆ ಹೇಳುತ್ತಿದ್ದ ಮಾತು.

ಮೇ ಕೊನೆಯಲ್ಲಿ ದೊಡ್ಡಪ್ಪನ ಹೊಸ ಮನೆಯ ಗೃಹಪ್ರವೇಶ. ಅಪ್ಪ ಮುತುವರ್ಜಿಯಿಂದ ಆ ಕ್ಯಾಸೆಟ್ಟನ್ನೇ ಒಯ್ದಿದ್ದರು. ತೆಂಗಿನಮರಕ್ಕೆ ಹಾರ್ನ್ ಕಟ್ಟಿದ್ದರು. ಎ ಸೈಡ್ ಮುಗಿಯುವ ಹೊತ್ತಿಗೆ ಸರಿಯಾಗಿ ಹಸು ಬಂತು. ಮೈಕ್‌ಸೆಟ್ ಹುಡುಗ ಕ್ಯಾಸೆಟ್ ತಿರುಗಿಸಿ ಹಾಕಿದ. ಅವನತ್ತ ಓಡೋಣ ಅಂದರೆ ನನ್ನ ಕೈಯಲ್ಲಿ ಉರಿಯುವ ದೀಪ.

ಹಸು ಹೊಸಿಲ ಮೇಲೆ ಒಂದು ಕಾಲಿಟ್ಟಿತ್ತು. ಮೇಲಿಂದ "ಹೇಯ್ ಮಕರೇನ!" ಅಂತ ಬಡಿಯಿತು. ಹಸು ಸೊಂಟ ಅಲ್ಲಾಡಿಸಿ ಪಕ್ಕಕ್ಕೊಂದು ಜಿಗಿತ ಜಿಗಿಯಿತು. ಕೈ ಮುಂದೆ ಮಾಡುವುದೊಂದು ಬಿಟ್ಟರೆ ಎಲ್ಲ ಸರಿಯಾಗಿತ್ತು. ಪುರೋಹಿತರು ಮಂತ್ರ ನಿಲ್ಲಿಸಿದರು. ಮೈಕ್‌ಸೆಟ್ ಹುಡುಗ ಮಾತ್ರ ಖುಷಿಯಾಗಿ ವಾಲ್ಯೂಮ್ ಏರಿಸಿದ. ಒಂದು ಕೂಗು. ಎರಡು. ಮೂರು. ಆಮೇಲೆ ಅರ್ಧ ತಿಪಟೂರಿಗೆ ಕೇಳುವ ಹಾಗೆ ಅಮ್ಮ.

"ಭಾವನೋರು ಮನೆ ಅರಮನೆ ಥರ ಕಟ್ಸಿದಾರೆ ಕಣ್ರೀ. ಬಚ್ಚಲು ನೋಡ್ಬೇಕು ನೀವು! ಸೋಪು ಬಿದ್ರೆ ಬಗ್ಗಿ ತಗೊಳ್ಳೋಕಾಗಲ್ಲ. ಹೊರಗ್ ಬಂದು, ಬಗ್ಗಿ, ಹಾಗೇ ಒಳಗ್ ಹೋಗ್ಬೇಕು."

ದೊಡ್ಡಮ್ಮ ತಿರುಗಿ ಅಮ್ಮನನ್ನು ನೋಡಿದರು. ಅಮ್ಮ ತಿರುಗಿ ನನ್ನನ್ನು ನೋಡಿದರು. ಆ ಕ್ಷಣದಲ್ಲಿ ನನ್ನನ್ನು ಕಾಪಾಡಿದ್ದು ಹಸು. ಗಾಬರಿಯಲ್ಲಿ ಹೊಚ್ಚಹೊಸ ಮೊಸಾಯಿಕ್ ನೆಲದ ಮೇಲೆ ಧಾರಾಳವಾಗಿ ಸಗಣಿ ಹಾಕಿತು. "ಶುಭ! ಶುಭ! ಲಕ್ಷ್ಮಿ ಒಲಿದಳು!" ಅಂತ ಅಜ್ಜಿ ಕೂಗಿದ್ದೇ ತಡ, ಎಲ್ಲರೂ ಅಕ್ಷತೆ ಎಸೆದರು. ಮಕರೇನಕ್ಕೇ ಅಕ್ಷತೆ ಬಿದ್ದಂತಾಯಿತು.

ದೊಡ್ಡಮ್ಮ ಗೌರಿ ಹಬ್ಬದವರೆಗೂ ಅಮ್ಮನ ಜೊತೆ ಮಾತಾಡಲಿಲ್ಲ. ಆದರೆ ದಸರೆಯೊಳಗೆ ಬಚ್ಚಲಿನ ಗೋಡೆ ಒಡೆಸಿ ಎರಡು ಅಡಿ ಜಾಸ್ತಿ ಮಾಡಿಸಿದ್ದರು. ಅಮ್ಮ ಇವತ್ತಿಗೂ ಅದು ತನ್ನದೇ ಸಾಧನೆ ಅನ್ನುತ್ತಾರೆ.

ಈಗ ಮೂರೂ ಹಾಡು ಫೋನಿನಲ್ಲಿವೆ. ಅಪ್ಪನ ಸೀನಿಲ್ಲ, ಅಜ್ಜಿಯ ತೀರ್ಪಿಲ್ಲ. ಎಷ್ಟು ಚೊಕ್ಕಟ ಅಂದರೆ ಬೇರೆ ಯಾರದೋ ಹಾಡು ಅನಿಸುತ್ತದೆ. ಮೊನ್ನೆ ಅಡುಗೆಮನೆಯಲ್ಲಿ ಮಕರೇನ ಹಾಕಿಕೊಂಡು ತರಕಾರಿ ಹೆಚ್ಚುತ್ತಿದ್ದೆ. ಹಾಡು ಆ ಜಾಗಕ್ಕೆ ಬಂದಾಗ ಕೈ ತಾನಾಗೇ ಹೋಗಿ ಸ್ಟವ್ ಆರಿಸಿತು. ಹೆಂಡತಿ ಬಂದು ನೋಡಿದಳು. ಕುಕ್ಕರ್ ಇನ್ನೂ ಒಂದು ಸಲವೂ ಕೂಗಿರಲಿಲ್ಲ. ಅವತ್ತು ಬೇಳೆ ಬೇಯಲಿಲ್ಲ.