ಫಾರ್ಮ್ಯಾಟ್ ಹೊಡೀಬೇಕು ಸಾರ್

ದಾವಣಗೆರೆಯ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಸ್ಕ್ರೂಡ್ರೈವರ್ ಅಲಂಕಾರದ ವಸ್ತುವಾಗಿ ಬಹಳ ಕಾಲವಾಯಿತು. ಮನೆಯ ಡೆಸ್ಕ್‌ಟಾಪನ್ನು ಟವೆಲಿನಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಾಲ ಬಳಿ ನಿಲ್ಲಿಸಿಕೊಂಡು, ರಸ್ತೆಯ ಗುಂಡಿಗಳನ್ನು ತಪ್ಪಿಸುತ್ತ ತಂದವರು ಅದನ್ನು ಮೇಜಿನ ಮೇಲೆ ಇಳಿಸುವುದಕ್ಕೆ ಮುನ್ನವೇ ತೀರ್ಪು ಹೊರಬಿದ್ದಿರುತ್ತದೆ: "ಫಾರ್ಮ್ಯಾಟ್ ಹೊಡೀಬೇಕು ಸಾರ್." ಅಂದರೆ ಡಿಸ್ಕಿನಲ್ಲಿ ವಿಂಡೋಸ್ ಇರುವ ಸಿ ಡ್ರೈವ್ ಎಂಬ ಭಾಗವನ್ನು ಪೂರ್ತಿ ಅಳಿಸಿ, ಅದನ್ನು ಹೊಸದಾಗಿ ಹಾಕಬೇಕು. ಪರದೆ ಕಪ್ಪಾಗಿದ್ದರೂ ಅದೇ, ಪ್ರಿಂಟರ್ ಮುನಿಸಿಕೊಂಡಿದ್ದರೂ ಅದೇ, ಯುಪಿಎಸ್‌ನ ಬ್ಯಾಟರಿ ಸತ್ತು ಕರೆಂಟು ಹೋದೊಡನೆ ಯಂತ್ರ ಕಣ್ಣು ಮುಚ್ಚುತ್ತಿದ್ದರೂ ಅದೇ. ಇಷ್ಟು ನಿಷ್ಪಕ್ಷಪಾತವಾದ, ಇಷ್ಟು ಶೀಘ್ರವಾದ ನ್ಯಾಯದಾನ ಊರಿನ ಬೇರಾವ ಕಟ್ಟಡದಲ್ಲೂ ನಡೆಯುವುದಿಲ್ಲ.

ವಿಚಾರಣೆಯೇ ಇಲ್ಲವೆಂದು ದೂರುವಂತಿಲ್ಲ, ಒಂದು ಪ್ರಶ್ನೆಯನ್ನಂತೂ ಕೇಳುತ್ತಾರೆ. "ಸಿ ಡ್ರೈವಲ್ಲಿ ಏನಾದ್ರೂ ಇದೆಯಾ ಸಾರ್?" ಎಂದರೆ, ಯಜಮಾನರು ನಿಶ್ಚಿಂತೆಯಿಂದ "ಏನೂ ಇಲ್ಲಪ್ಪ, ಎಲ್ಲ ಡೆಸ್ಕ್‌ಟಾಪ್ ಮೇಲೇ ಇಟ್ಟೀನಿ" ಎನ್ನುತ್ತಾರೆ. ಡೆಸ್ಕ್‌ಟಾಪಿನ ಮೇಲೆ ಕಾಣುವ ಕಡತಗಳೆಲ್ಲ ಸಾಮಾನ್ಯವಾಗಿ ಸಿ ಡ್ರೈವಿನೊಳಗಿನ ಒಂದು ಫೋಲ್ಡರಿನಲ್ಲಿಯೇ ಇರುತ್ತವೆ ಎಂಬುದು ಕೇಳಿದ ಹುಡುಗನಿಗೆ ಗೊತ್ತು, ಉತ್ತರಿಸಿದ ಯಜಮಾನರಿಗೆ ಗೊತ್ತಿಲ್ಲ. ಆದರೂ ಹಿರಿಯರ ಮಾತಿಗೆ ಎದುರಾಡಬಾರದೆಂಬ ಸಂಸ್ಕಾರದಿಂದ ಹುಡುಗ ಸುಮ್ಮನಾಗುತ್ತಾನೆ. ಮಗಳ ಮದುವೆಯ ಫೋಟೊಗಳು, ಸೈಟಿನ ಪತ್ರದ ಸ್ಕ್ಯಾನ್ ಪ್ರತಿ, ಅಡಿಕೆ ಲೆಕ್ಕದ ಹಾಳೆಗಳು ಸಂಜೆಯೊಳಗೆ ಒಟ್ಟಿಗೆ ಮುಕ್ತಿ ಪಡೆಯುತ್ತವೆ.

ಇಷ್ಟಾದರೂ ಪೆಟ್ಟಿಗೆಯ ಪಕ್ಕದ ತಗಡನ್ನು ಯಾರೂ ಬಿಚ್ಚುವುದಿಲ್ಲ. ಬಿಚ್ಚಿದರೆ ಕಾಣುವುದೇನು? ಪ್ರೊಸೆಸರಿನ ಮೇಲೆ ಕುಳಿತು ಅದರ ಬಿಸಿ ಹೀರುವ ಹೀಟ್ ಸಿಂಕಿನ ಅಲ್ಯೂಮಿನಿಯಂ ಪದರಗಳ ನಡುವೆ ಬೂದುಬಣ್ಣದ ಧೂಳು ಕಂಬಳಿಯಾಗಿ ಹೆಪ್ಪುಗಟ್ಟಿರುತ್ತದೆ. ಫ್ಯಾನಿನ ರೆಕ್ಕೆಗೆ ಕಳೆದ ಆಯುಧಪೂಜೆಯ ಚೆಂಡುಹೂವಿನ ಒಣ ಎಸಳು ಅಂಟಿರುತ್ತದೆ, ಗಾಳಿ ಹೋಗುವ ಕಿಂಡಿಗಳನ್ನು ವಿಭೂತಿ ಕುಂಕುಮಗಳು ಭಕ್ತಿಯಿಂದ ಮುಚ್ಚಿರುತ್ತವೆ, ತಳದಲ್ಲಿ ಒಂದು ಜಿರಳೆ ಕಾಲು ಮೇಲೆ ಮಾಡಿ ಮಲಗಿರುತ್ತದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲಿ ಸ್ಥಾನ ಪಡೆದ ಊರು ನಮ್ಮದು. ಅಂದಿನಿಂದ ಅಗೆದು, ಮುಚ್ಚಿ, ಮತ್ತೆ ಅಗೆದ ರಸ್ತೆಗಳ ಧೂಳಿನ ನ್ಯಾಯವಾದ ಪಾಲು ಈ ಪೆಟ್ಟಿಗೆಗೂ ಸಂದಿದೆ. ಒಳಗಿನ ಬಿಸಿ ಹೊರಹೋಗಲು ದಾರಿಯಿಲ್ಲದೆ ಪ್ರೊಸೆಸರಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿದಾಗ, ಯಂತ್ರ ತನ್ನ ಜೀವ ಉಳಿಸಿಕೊಳ್ಳಲು ತಾನೇ ಆರಿಹೋಗುತ್ತದೆ. ಅದನ್ನು ನಾವು ವೈರಸ್ ಎಂದು ಕರೆದು, ಮೇಲೊಂದು ಕಸೂತಿಯ ಬಟ್ಟೆ ಹೊದಿಸುತ್ತೇವೆ.

ತಪ್ಪೆಲ್ಲ ಅಂಗಡಿಯವರದೇ ಎನ್ನುವುದು ಅನ್ಯಾಯ. ಪಾಪ, ಅವರಲ್ಲಿಯೂ ಪ್ರಾಮಾಣಿಕರು ಇದ್ದರು. ಒತ್ತಿದೊಡನೆ ಬೀಪ್ ಬೀಪ್ ಎಂದು ಕೂಗಿ ಪರದೆ ಬೆಳಗದ ಯಂತ್ರವನ್ನು ಅಂಥವನೊಬ್ಬ ಬಿಚ್ಚಿ, ಯಂತ್ರದ ತಾತ್ಕಾಲಿಕ ನೆನಪಾದ ರ‍್ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳಿಗೆ ಕಟ್ಟಿದ ಕಿಲುಬನ್ನು ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಮತ್ತೆ ಕ್ಲಿಕ್ಕೆನ್ನುವಂತೆ ಕೂರಿಸಿ ಐದೇ ನಿಮಿಷದಲ್ಲಿ ಪರದೆ ಬೆಳಗಿಸಿದನೆನ್ನಿ. ಆಗ ಗಿರಾಕಿಯ ಬಾಯಿಂದ ಬರುವ ಮಾತು: "ರಬ್ಬರ್ ಉಜ್ಜಿದ್ದಕ್ಕೂ ದುಡ್ಡು ಕೊಡ್ಬೇಕಾ?" ಅದೇ ಗಿರಾಕಿ, ಯಂತ್ರವನ್ನು ಎರಡು ದಿನ ಮೂಲೆಯಲ್ಲಿಟ್ಟುಕೊಂಡು, "ಭಾಳ ಕಷ್ಟ ಆಯ್ತು ಸಾರ್, ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕೀನಿ" ಎಂದವನಿಗೆ ನೋಟುಗಳನ್ನು ಎಣಿಸಿ ಕೊಟ್ಟು, ಮೇಲೆ ಚಹಾ ತರಿಸುತ್ತಾನೆ. ಕಾರಣ ಕಂಡುಹಿಡಿದವನಿಗೆ ಕೂಲಿಯಿಲ್ಲದ ಕಸುಬಿನಲ್ಲಿ ಕಾರಣ ಹುಡುಕುವವರು ಎಷ್ಟು ದಿನ ಉಳಿದಾರು?

ಈಚೆಗೆ ಈ ಕಸುಬಿಗೆ ಹೊಸ ಬಲ ಬಂದಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹಾಗೆಂದರೆ ಮಾಮೂಲಿ ಸುರಕ್ಷತಾ ಅಪ್‌ಡೇಟುಗಳು ನಿಂತವೇ ಹೊರತು ಯಂತ್ರಗಳು ನಿಲ್ಲಲಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಬೇಕಾದ್ದರಿಂದ ಬಹಳ ಹಳೆಯ ಯಂತ್ರಗಳು ಅದಕ್ಕೆ ಅರ್ಹವಾಗುವುದಿಲ್ಲ ಎಂಬುದೂ ನಿಜವೇ. ಆದರೆ ಮೌಸ್ ಕೆಟ್ಟಿದೆಯೆಂದು ಬಂದವರಿಗೂ ಈಗ "ವಿಂಡೋಸ್ 10 ಮುಗೀತು ಸಾರ್, ಹೊಸ ಸಿಸ್ಟಮ್ಮೇ ತಗೊಳ್ಳಿ" ಎಂಬ ಉಪದೇಶ ದೊರೆಯುತ್ತದೆ.

ವಿದ್ಯಾನಗರದ ನಿವೃತ್ತ ಮೇಷ್ಟ್ರೊಬ್ಬರ ಕಂಪ್ಯೂಟರು ಪ್ರತಿ ಬೆಳಿಗ್ಗೆ 2012ರ ಜನವರಿ 1ಕ್ಕೆ ಏಳುತ್ತಿತ್ತು, ಬ್ಯಾಂಕಿನ ಜಾಲತಾಣ ತೆರೆಯಲು ಹೋದರೆ ಸಂಪರ್ಕ ಸುರಕ್ಷಿತವಲ್ಲವೆಂದು ಹೆದರಿಸುತ್ತಿತ್ತು. ಜಾಲತಾಣ ತಾನು ಅಸಲಿಯೆಂದು ತೋರಿಸುವ ಪ್ರಮಾಣಪತ್ರಕ್ಕೆ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಎಂಬ ಅವಧಿಯಿರುತ್ತದೆ, ಯಂತ್ರದ ತಾರೀಕು ಆ ಅವಧಿಯ ಹೊರಗಿದ್ದರೆ ಬ್ರೌಸರ್ ಅದನ್ನು ನಂಬುವುದಿಲ್ಲ. ಕರೆಂಟಿಲ್ಲದಾಗಲೂ ಗಡಿಯಾರವನ್ನು ನಡೆಸುವುದು ಮದರ್‌ಬೋರ್ಡಿನ ಮೇಲಿನ ಸಿಆರ್2032 ಎಂಬ ನಾಣ್ಯದಾಕಾರದ 3 ವೋಲ್ಟಿನ ಸೆಲ್ಲು. ಅಂಗಡಿಯ ಹುಡುಗನೊಬ್ಬ ಅದನ್ನು ಬದಲಿಸಿ, ತಾರೀಕು ಸರಿಪಡಿಸಿ, ಸೆಲ್ಲಿನ ದುಡ್ಡಷ್ಟೇ ಪಡೆದು ಕಳುಹಿಸಿದ. ಇಷ್ಟು ಅಗ್ಗವಾಗಿ ಸರಿಹೋದದ್ದು ನಿಜವಾಗಿ ಸರಿಹೋಗಿರಲಾರದೆಂದು ಮೇಷ್ಟ್ರಿಗೆ ಅನುಮಾನ ಬಂದು, ಮರುದಿನವೇ ಬೇರೊಂದು ಅಂಗಡಿಗೆ ಒಯ್ದು ಫಾರ್ಮ್ಯಾಟ್ ಹೊಡೆಸಿದರು. ಗಡಿಯಾರ ಈಗ ಸರಿಯಾಗಿ ನಡೆಯುತ್ತಿದೆ, ಕೀರ್ತಿಯೆಲ್ಲ ಎರಡನೆಯ ಅಂಗಡಿಗೆ ಸಂದಿದೆ.

ಆದರೆ ಫಾರ್ಮ್ಯಾಟಿನ ಜೊತೆಗೆ ಕನ್ನಡ ಬರೆಯುವ 'ನುಡಿ' ತಂತ್ರಾಂಶದ ಫಾಂಟುಗಳೂ ಹೋದವು. ಪೆನ್ ಡ್ರೈವಿನಲ್ಲಿ ಉಳಿದಿದ್ದ ವಚನಗಳ ಕುರಿತ ಉಪನ್ಯಾಸವನ್ನು ತೆರೆದರೆ ಕನ್ನಡದ ಬದಲು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣಿಸುತ್ತಿದೆ. ಫಾಂಟನ್ನು ಮತ್ತೆ ಹಾಕಿದರೆ ಮುಗಿಯುವ ಈ ಕೆಲಸಕ್ಕೆ ಮೇಷ್ಟ್ರು ಎರಡನೆಯ ಅಂಗಡಿಗೇ ಫೋನು ಮಾಡಿದರು. "ವೈರಸ್ ಪೆನ್ ಡ್ರೈವಲ್ಲೇ ಕೂತಿದೆ ಸಾರ್, ಅದನ್ನೂ ತಗೊಂಡು ಬಂದ್ಬಿಡಿ, ಕ್ಲೀನಾಗಿ ಹೊಡೆದು ಕೊಡ್ತೀನಿ" ಎಂಬ ಭರವಸೆ ಸಿಕ್ಕಿದೆ. ಉಪನ್ಯಾಸದ ಬೇರೆ ಪ್ರತಿ ಎಲ್ಲಿಯೂ ಇಲ್ಲ. ಸೋಮವಾರ ರಾಹುಕಾಲ ಕಳೆದ ಮೇಲೆ ತರುವುದಾಗಿ ಮೇಷ್ಟ್ರು ಒಪ್ಪಿಕೊಂಡಿದ್ದಾರೆ.